ಚರ್ಚ್ ಬಡವರ ಪರ ಅಂತಾರೆ, ಹಾಗಿದ್ದರೆ ದುಡಿಯುವ ಜನ ಯಾಕೆ ದೂರ ಆದರು?

ಬಡವರಿಗೆ ಕೊಡುವುದರಲ್ಲಿ ಚರ್ಚ್ ಹಿಂದೆ ಬಿದ್ದಿಲ್ಲ. ಆಸ್ಪತ್ರೆ, ಅನಾಥಾಲಯ, ಶಾಲೆ ಎಲ್ಲ ನಡೆಸಿದೆ. ತೊಡಕು ಇರುವುದು ಪಕ್ಕದಲ್ಲಿ ಕೂರಿಸಿಕೊಳ್ಳುವುದರಲ್ಲಿ.

ಇದು ಹಳೇ ಕಾಯಿಲೆ. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ (ಅಂದರೆ ಅವನ ಹೆಸರಿನ ಕಾಗದದ) 2ನೇ ಅಧ್ಯಾಯ ತೆಗೆದು ನೋಡಿ. ಸಭೆಗೆ ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೇ ಜಾಗ. ಕೊಳಕು ಬಟ್ಟೆಯ ಬಡವನಿಗೆ 'ಅಲ್ಲೇ ನಿಂತಿರು', ಇಲ್ಲವೇ ಕಾಲ ಬಳಿ ಕೂರು. ಹೀಗೆ ಮಾಡುವವರನ್ನು ಪತ್ರಿಕೆ ಸರಿಯಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತದೆ. ಆದರೂ ಮುಂದೆ ಇಂಗ್ಲೆಂಡಿನ ಚರ್ಚುಗಳಲ್ಲಿ ಬೆಂಚಿಗೆ ಬಾಡಿಗೆ ವಸೂಲಿ ಮಾಡಿದರು! ದುಡ್ಡು ಕಟ್ಟಿದ ಮನೆಯವರಿಗೆ ಒಳ್ಳೇ ಬೆಂಚು, ಕಟ್ಟಲಾಗದವರಿಗೆ ಉಳಿದ ಜಾಗ. 1851ರಲ್ಲಿ ಅಲ್ಲಿನ ಸರ್ಕಾರ ಎಷ್ಟು ಜನ ಚರ್ಚಿಗೆ ಬರುತ್ತಾರೆ ಅಂತ ಎಣಿಸಿತು. ಕೂಲಿಕಾರರು ಬರದಿರಲು ಈ ಬಾಡಿಗೆ ಬೆಂಚೂ ಒಂದು ಕಾರಣ ಎಂದು ವರದಿ ಬರೆದ ಹೊರೇಸ್ ಮಾನ್ ಹೇಳಿದರು.

ಹಾಗಂತ ಎಲ್ಲರೂ ಸುಮ್ಮನಿರಲಿಲ್ಲ. 1739ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಬ್ರಿಸ್ಟಲ್ ಊರಿನ ಹತ್ತಿರ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲೇ ನಿಂತು ಬೋಧಿಸಿದರು. ಬಯಲಲ್ಲಿ ಬೆಂಚೇ ಇಲ್ಲ, ಬಾಡಿಗೆ ಎಲ್ಲಿಂದ? ಅವರು ಶುರು ಮಾಡಿದ ಮೆಥಡಿಸ್ಟ್ ಪಂಥದ ಗುಂಪುಗಳಲ್ಲಿ ಕೂಲಿಯವನೂ ಎದ್ದು ಬೋಧನೆ ಮಾಡಬಹುದಿತ್ತು. ನಾಲ್ಕು ಜನರ ಮುಂದೆ ಮಾತಾಡಲು ಕಲಿತವನು ಕೂಲಿಯ ಬಗ್ಗೆಯೂ ಮಾತಾಡುತ್ತಾನೆ, ಅಲ್ವಾ? ಟಾಲ್‌ಪಡಲ್ ಹಳ್ಳಿಯ ಆರು ಜನ ಹೊಲದ ಕೂಲಿಗಳು ಸಂಘ ಕಟ್ಟಿದರು. ಗುಟ್ಟಾಗಿ ಪ್ರಮಾಣ ಮಾಡಿಸಿದರು ಅನ್ನುವ ತಪ್ಪಿಗೆ 1834ರಲ್ಲಿ ಅವರಿಗೆ ಗಡೀಪಾರು ಶಿಕ್ಷೆ ಆಯಿತು. ಅವರ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥಡಿಸ್ಟ್ ಬೋಧಕ.

ಕ್ಯಾಥೊಲಿಕ್ ಕಡೆ 1889ರ ಲಂಡನ್ ಬಂದರು ಮುಷ್ಕರದಲ್ಲಿ 81 ವರ್ಷದ ಹಿರಿಯ ಧರ್ಮಗುರು ಕಾರ್ಡಿನಲ್ ಮ್ಯಾನಿಂಗ್ ಮಧ್ಯಸ್ಥಿಕೆಗೆ ಓಡಾಡಿದರು. ಎರಡು ವರ್ಷದ ನಂತರ ಪೋಪ್ 13ನೇ ಲಿಯೋ 'ರೇರುಂ ನೊವಾರುಂ' ಪತ್ರದಲ್ಲಿ ಬದುಕು ಸಾಗುವಷ್ಟು ಕೂಲಿ, ಸಂಘ ಕಟ್ಟುವ ಹಕ್ಕು ಎರಡನ್ನೂ ಒಪ್ಪಿದರು. ಸಮಾಜವಾದ ಬೇಡ ಅಂತಲೂ ಅದರಲ್ಲೇ ಬರೆದರು.

ನನಗೆ ಜಾಸ್ತಿ ಕಾಡುವುದು ಫ್ರಾನ್ಸಿನ ಕಾರ್ಮಿಕ ಪಾದ್ರಿಗಳ ಕಥೆ. 1940ರ ದಶಕದಲ್ಲಿ ಕೆಲವು ಪಾದ್ರಿಗಳು ನಿಲುವಂಗಿ ಬಿಟ್ಟು ಕಾರ್ಖಾನೆ, ಬಂದರುಗಳಲ್ಲಿ ಕೆಲಸಕ್ಕೆ ಸೇರಿದರು. ಜನರನ್ನು ಚರ್ಚಿಗೆ ಕರೆತರಬೇಕು ಅಂತ ಹೋದವರು. ಆದರೆ ಮೆಷಿನ್ ಮುಂದೆ ನಿಂತ ಮೇಲೆ ಅವರೇ ಬದಲಾದರು. ಕಮ್ಯುನಿಸ್ಟರ ಜೊತೆ ಒಂದೇ ಸಂಘದಲ್ಲಿ ಸೇರಿದರು, ಮುಷ್ಕರಕ್ಕೂ ಇಳಿದರು. ರೋಮಿಗೆ, ಅಂದರೆ ಪೋಪರ ಆಡಳಿತಕ್ಕೆ, ಇದು ಹಿಡಿಸಲಿಲ್ಲ. 1954ರಲ್ಲಿ ಕಾರ್ಖಾನೆ ಬಿಟ್ಟು ಬನ್ನಿ ಅಂತ ಅಪ್ಪಣೆ ಆಯಿತು. ಕೆಲವರು ಬಂದರು, ಕೆಲವರು ಬರಲೇ ಇಲ್ಲ. 1965ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಆದರೆ ನಡುವಿನ ಆ 11 ವರ್ಷ ಕಾರ್ಖಾನೆಯವರು ಏನು ತಿಳಿದುಕೊಂಡಿರಬೇಕು, ನೀವೇ ಹೇಳಿ.

ನಮ್ಮಪ್ಪನೂ ಕಾರ್ಖಾನೆ ಕೆಲಸದವರೇ. ರಾತ್ರಿ ಪಾಳಿ ಮುಗಿಸಿ ಭಾನುವಾರ ನೇರ ಚರ್ಚಿಗೆ ಬರುತ್ತಿದ್ದರು. ಬಾಡಿಗೆ ಬೆಂಚಿನ ಕಾಲ ಯಾವತ್ತೋ ಮುಗಿದಿತ್ತು, ಮುಂದೆ ಜಾಗವೂ ಖಾಲಿ ಇರುತ್ತಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. 'ಬನ್ನಿ' ಅಂತಲೂ ಅನ್ನುತ್ತಿರಲಿಲ್ಲ. ಅಪ್ಪ ಬಾಗಿಲ ಹತ್ತಿರವೇ ನಿಂತು ಪೂಜೆ ಮುಗಿಸುತ್ತಿದ್ದರು. ಕೇಳಿದರೆ, 'ಬಟ್ಟೆಯಲ್ಲಿ ಎಣ್ಣೆ ಇದೆ ಕಣೋ, ಬೆಂಚಿಗೆ ಹತ್ತುತ್ತೆ' ಅನ್ನುತ್ತಿದ್ದರು.