ವಕೀಲರಿಗೆ ಶುಲ್ಕ ಕೊಡಲಾಗದವರಿಗೆ ಕುಟುಂಬದ ವ್ಯಾಜ್ಯಗಳಲ್ಲಿ ಉಚಿತವಾಗಿ ನೆರವಾಗುವವರು ಯಾರು? ಅವರನ್ನು ನೆಚ್ಚಿಕೊಳ್ಳಬಹುದೇ?

ನಿಮ್ಮ ಅಕ್ಕ ಗಂಡನ ಮನೆಯಿಂದ ಇಬ್ಬರು ಮಕ್ಕಳೊಂದಿಗೆ ತವರಿಗೆ ಬಂದಿದ್ದಾರೆ, ಜೀವನಾಂಶಕ್ಕೆ ಅರ್ಜಿ ಹಾಕಬೇಕೆಂದಿದ್ದಾರೆ, ವಕೀಲರಿಗೆ ಕೊಡಲು ಹಣವಿಲ್ಲ ಎಂದು ಬರೆದಿದ್ದೀರಿ. ಹಣ ಪಡೆಯದೆ ಪ್ರಕರಣ ನಡೆಸಿಕೊಡುವವರು ಯಾರು ಎಂಬುದು ನಿಮ್ಮ ಮೊದಲ ಪ್ರಶ್ನೆ. ಬಿಟ್ಟಿ ಕೆಲಸವನ್ನು ಅವರು ಮನಸ್ಸಿಟ್ಟು ಮಾಡುತ್ತಾರೆಯೇ ಎಂಬುದು ಎರಡನೆಯದು. ನಾನು ವಕೀಲೆ. ಖಾಸಗಿ ಪ್ರಕರಣಗಳ ಜೊತೆಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದು (ಅಂದರೆ ಉಚಿತ ನೆರವಿನ ಪ್ರಕರಣಗಳಿಗೆ ಪ್ರಾಧಿಕಾರ ನೇಮಿಸುವ ವಕೀಲರ ಪಟ್ಟಿಯಲ್ಲಿದ್ದು) ಹಲವು ವರ್ಷಗಳಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿದ್ದೇನೆ. ಆದ್ದರಿಂದ ಎರಡನೆಯ ಪ್ರಶ್ನೆಯ ಮಟ್ಟಿಗೆ ನಾನು ಪೂರ್ತಿ ತಟಸ್ಥಳಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ನಿಮ್ಮ ಪ್ರಶ್ನೆಯಲ್ಲಿ 'ದಯವಿಟ್ಟು ಯಾರಾದರೂ ದಾನಿ ವಕೀಲರಿದ್ದರೆ ತಿಳಿಸಿ' ಎಂಬ ಮಾತಿದೆ. ದಾನಿಗಳನ್ನು ಹುಡುಕುವ ಅಗತ್ಯ ನಿಮ್ಮ ಅಕ್ಕನಿಗಿಲ್ಲ. ಸಂವಿಧಾನಕ್ಕೆ 1976ರ 42ನೇ ತಿದ್ದುಪಡಿಯ ಮೂಲಕ ಸೇರಿದ 39ಎ ವಿಧಿಯು, ಬಡತನದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗದಂತೆ ಉಚಿತ ಕಾನೂನು ನೆರವು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಅದನ್ನು ಕಾರ್ಯರೂಪಕ್ಕೆ ತಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ; ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಆ ಕಾಯ್ದೆಯ 12ನೇ ಕಲಮಿನಲ್ಲಿ ಯಾರು ಯಾರು ಅರ್ಹರು ಎಂಬುದಿದೆ: ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಅಥವಾ ಜೀತಕ್ಕೆ ಸಿಕ್ಕಿದವರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು, ವಿಪತ್ತಿಗೆ ತುತ್ತಾದವರು, ಮತ್ತು ಇವರಲ್ಲದೆ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿಯೊಳಗಿನ ಯಾರೇ ಆದರೂ. ಗಮನಿಸಬೇಕಾದದ್ದೆಂದರೆ, ಆದಾಯದ ಮಿತಿ ಕೊನೆಯ ಗುಂಪಿಗೆ ಮಾತ್ರ. ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ನಿಮ್ಮ ಅಕ್ಕ ಅರ್ಹರು. ಅವರಿಗೆ ಸಂಬಳವಿದ್ದರೂ, ತವರಿನಲ್ಲಿ ಜಮೀನಿದ್ದರೂ ಆ ಅರ್ಹತೆ ಹೋಗುವುದಿಲ್ಲ. ಯಾರಾದರೂ ಆದಾಯ ಪ್ರಮಾಣಪತ್ರ ತಂದ ಮೇಲೆಯೇ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದರೆ ಈ ಕಲಮನ್ನು ವಿನಯದಿಂದ ನೆನಪಿಸಿ. ಆದಾಯವನ್ನು ತೋರಿಸಲೇಬೇಕಾದವರಿಗೂ ಅದೇ ಕಾಯ್ದೆಯ 13ನೇ ಕಲಮಿನಲ್ಲಿ ಅನುಕೂಲವಿದೆ: ಅವರು ಸಲ್ಲಿಸುವ ಅಫಿಡವಿಟ್ಟನ್ನೇ, ಅದನ್ನು ನಂಬದಿರಲು ಕಾರಣವಿಲ್ಲದಿದ್ದರೆ, ಸಾಕಷ್ಟು ಪುರಾವೆ ಎಂದು ಪರಿಗಣಿಸಬಹುದು.

ಇಲ್ಲೊಂದು ಮಾತು, ಓದುವ ಬೇರೆಯವರಿಗಾಗಿ. ನಿಮ್ಮ ಭಾವನೂ ಆದಾಯ ಮಿತಿಯೊಳಗಿದ್ದರೆ ಅಥವಾ ಬೇರೆ ಯಾವುದಾದರೂ ಗುಂಪಿಗೆ ಸೇರಿದ್ದರೆ ಅವರಿಗೂ ಉಚಿತ ವಕೀಲರು ಸಿಗುತ್ತಾರೆ. ಒಂದೇ ಪ್ಯಾನೆಲ್‌ನ ಇಬ್ಬರು ವಕೀಲರು ಎದುರುಬದುರು ನಿಂತು ವಾದಿಸುವುದನ್ನು ಕಂಡು ಅನುಮಾನಪಡುವವರಿದ್ದಾರೆ. ಬಡವನಾದ ಗಂಡನಿಗೂ ತನ್ನ ಮಾತು ಹೇಳಿಸುವ ಹಕ್ಕಿದೆ. ಅದರಿಂದ ನಿಮ್ಮ ಅಕ್ಕನ ಪ್ರಕರಣ ದುರ್ಬಲವಾಗುವುದಿಲ್ಲ.

ಅರ್ಜಿ ಕೊಡುವ ಸ್ಥಳ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ, ಇಲ್ಲವೇ ತಾಲೂಕು ನ್ಯಾಯಾಲಯದಲ್ಲಿರುವ ತಾಲೂಕು ಸಮಿತಿ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ದಿನನಿತ್ಯದ ಕೆಲಸ ನೋಡುವ ಸದಸ್ಯ ಕಾರ್ಯದರ್ಶಿಯೂ ನ್ಯಾಯಾಂಗ ಅಧಿಕಾರಿಯೇ. ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿನವರೇ ಬರೆದುಕೊಳ್ಳಬೇಕು. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. 2010ರ ನಿಯಮಾವಳಿಯ ಪ್ರಕಾರ ಅರ್ಜಿಯ ಮೇಲೆ 7 ದಿನಗಳೊಳಗೆ ತೀರ್ಮಾನವಾಗಬೇಕು, ತಿರಸ್ಕರಿಸಿದರೆ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ವಕೀಲರ ಶುಲ್ಕ ಮಾತ್ರವಲ್ಲದೆ ನ್ಯಾಯಾಲಯದ ಶುಲ್ಕ, ನೋಟಿಸ್ ಕಳಿಸುವ ವೆಚ್ಚ, ಟೈಪಿಂಗ್, ದಾಖಲೆಗಳ ಅನುವಾದ, ಆದೇಶದ ದೃಢೀಕೃತ ನಕಲು, ಇವೆಲ್ಲವೂ ನೆರವಿನೊಳಗೆ ಬರುತ್ತವೆ.

ಈಗ ನೆರವಾಗುವವರ ವಿಷಯ. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಉಚಿತವಾಗಿ ಸಹಾಯ ಮಾಡುವವರೆಲ್ಲ ಒಂದೇ ಕೆಲಸ ಮಾಡುವವರು ಎಂದು ತಿಳಿದು, ಒಬ್ಬರಿಂದ ಆಗದ ಕೆಲಸವನ್ನು ಅವರಿಂದಲೇ ನಿರೀಕ್ಷಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ವಕಾಲತ್ತು ಹಾಕಿ ವಾದಿಸುವವರು ಪ್ಯಾನೆಲ್ ವಕೀಲರು. 1961ರ ವಕೀಲರ ಕಾಯ್ದೆಯಂತೆ ವಕೀಲಿ ವೃತ್ತಿ ನಡೆಸಲು ನೋಂದಾಯಿತ ವಕೀಲರಿಗೆ ಮಾತ್ರ ಅಧಿಕಾರವಿದೆ. ಪ್ಯಾರಾ ಲೀಗಲ್ ಸ್ವಯಂಸೇವಕರು ಇದಕ್ಕಿಂತ ಬೇರೆ. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತರು, ಕಾನೂನು ವಿದ್ಯಾರ್ಥಿಗಳು ಮುಂತಾದವರಿಂದ ಆಯ್ದು ತರಬೇತಿ ಕೊಟ್ಟ ಇವರು ವಾದಿಸುವವರಲ್ಲ. ಅರ್ಜಿ ಬರೆಸುವುದು, ಕಚೇರಿಗೆ ಜೊತೆಯಲ್ಲಿ ಬರುವುದು, ಯಾವ ದಾಖಲೆ ಎಲ್ಲಿ ಸಿಗುತ್ತದೆಂದು ಹೇಳುವುದು ಅವರ ಕೆಲಸ. ನನ್ನ ಅನುಭವದಲ್ಲಿ, ಊರಿನಲ್ಲಿ ಒಬ್ಬ ಚುರುಕಾದ ಸ್ವಯಂಸೇವಕಿ ಇದ್ದರೆ ಅಲ್ಲಿಂದ ಬರುವ ಹೆಂಗಸರ ಕಾಗದಪತ್ರ ಅರ್ಧಕ್ಕರ್ಧ ಸಿದ್ಧವಾಗಿಯೇ ನನ್ನ ಮೇಜಿಗೆ ಬರುತ್ತದೆ. ಕಾನೂನು ಕಾಲೇಜುಗಳ ನೆರವು ಘಟಕಗಳು ಸಲಹೆಗೆ, ಕರಡಿಗೆ ಒಳ್ಳೆಯವು; ಅಲ್ಲಿನ ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ನಿಲ್ಲಲಾರರು. ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲವು ತಮ್ಮದೇ ವಕೀಲರನ್ನು ಇಟ್ಟುಕೊಂಡಿವೆ, ಕೆಲವು ಬರೀ ಆಪ್ತಸಮಾಲೋಚನೆ ಮಾಡುತ್ತವೆ. ಮೊದಲ ಭೇಟಿಯಲ್ಲೇ ಕೇಳಿಬಿಡುವುದು ಲೇಸು.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದಿದ್ದರೆ (ನೀವು ಸ್ಪಷ್ಟವಾಗಿ ಬರೆದಿಲ್ಲ, ಆದರೆ ನಿಮ್ಮ ಮಾತಿನ ಧಾಟಿಯಲ್ಲಿ ಅದರ ಸುಳಿವಿದೆ) ವಕೀಲರು ನೇಮಕವಾಗುವವರೆಗೆ ಕಾಯಬೇಡಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯನ್ನು ವಹಿಸಲಾಗಿದೆ. ಅವರು ಹಿಂಸೆಯ ವರದಿಯನ್ನು ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ, ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಮೊದಲ ವಿಚಾರಣೆಯ ದಿನಾಂಕ ಸಾಮಾನ್ಯವಾಗಿ 3 ದಿನಗಳನ್ನು ಮೀರಬಾರದೆಂದು ಕಾಯ್ದೆ ಹೇಳುತ್ತದೆ, ತುರ್ತಿದ್ದರೆ ಎದುರುದಾರರು ಬರುವ ಮೊದಲೇ ಮಧ್ಯಂತರ ಆದೇಶ ಪಡೆಯಬಹುದು. ರಕ್ಷಣೆ, ವಾಸದ ಹಕ್ಕು, ಹಣಕಾಸಿನ ಪರಿಹಾರ, ಮಕ್ಕಳ ತಾತ್ಕಾಲಿಕ ಸುಪರ್ದಿ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದಾದ್ದರಿಂದ ಎಷ್ಟೋ ಸಲ ನಾನು ಈ ದಾರಿಯನ್ನೇ ಮೊದಲು ಆಯ್ದುಕೊಳ್ಳುತ್ತೇನೆ. ದೂರು ಕೇಳುವ ಪೊಲೀಸ್ ಅಧಿಕಾರಿಯೂ ಉಚಿತ ಕಾನೂನು ಸೇವೆಯ ಹಕ್ಕನ್ನು ತಿಳಿಸಲೇಬೇಕೆಂದು ಇದೇ ಕಾಯ್ದೆಯ 5ನೇ ಕಲಮು ವಿಧಿಸಿದೆ. 181 ಮಹಿಳಾ ಸಹಾಯವಾಣಿ ಮತ್ತು ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರಗಳ ಮೂಲಕ ತಾತ್ಕಾಲಿಕ ಆಶ್ರಯವೂ ಸಿಗುತ್ತದೆ.

ವಕೀಲರೇ ಇಲ್ಲದೆ ನಡೆಸಬಾರದೇ ಎಂದೂ ಕೇಳಿದ್ದೀರಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಂತೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಪಕ್ಷಕಾರರ ಹಕ್ಕಲ್ಲ, ನ್ಯಾಯಾಲಯದ ಅನುಮತಿಯ ವಿಷಯ. ಸ್ವತಃ ನಿಂತು ಮಾತನಾಡಲಿ ಎಂಬುದೇ ಆ ಕಾಯ್ದೆಯ ಆಶಯ. ಆದರೆ ಬಹುತೇಕ ಕಡೆ ಅನುಮತಿ ಸಿಗುತ್ತದೆ, ಎದುರುದಾರರು ವಕೀಲರೊಂದಿಗೇ ಬರುತ್ತಾರೆ. ಸರಳವಾದ ಜೀವನಾಂಶದ ಅರ್ಜಿಯನ್ನು ಓದುಬರಹ ಬಲ್ಲವರು ಸ್ವತಃ ನಡೆಸಿದ್ದನ್ನು ಕಂಡಿದ್ದೇನೆ. ಮಕ್ಕಳ ಸುಪರ್ದಿಯ ಜಗಳವಿದ್ದರೆ, ಮದುವೆಯೇ ಆಗಿಲ್ಲ ಎಂಬ ತಕರಾರು ಬಂದರೆ, ಒಬ್ಬರೇ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಗುಣಮಟ್ಟ. ಸತ್ಯ ಹೇಳಬೇಕೆಂದರೆ ಅದು ಸಮನಾಗಿಲ್ಲ. ನಮಗೆ ಪ್ರಾಧಿಕಾರ ಕೊಡುವ ಸಂಭಾವನೆ ಖಾಸಗಿ ಶುಲ್ಕಕ್ಕೆ ಹೋಲಿಸಿದರೆ ಬಹಳ ಕಡಿಮೆ, ಅದೂ ತಡವಾಗಿ ಕೈಸೇರುತ್ತದೆ. ಆ ಕಾರಣಕ್ಕೆ ಉದಾಸೀನ ಮಾಡುವವರಿದ್ದಾರೆ. ಕೌಟುಂಬಿಕ ಪ್ರಕರಣಗಳಲ್ಲಿ ನುರಿತು, ಶುಲ್ಕ ಕೊಟ್ಟು ನೇಮಿಸಿಕೊಂಡ ವಕೀಲರಿಗಿಂತ ಚೆನ್ನಾಗಿ ಪಾಟೀಸವಾಲು ಮಾಡುವವರೂ ಅದೇ ಪ್ಯಾನೆಲ್‌ನಲ್ಲಿದ್ದಾರೆ. ಯಾರು ಸಿಗುತ್ತಾರೆಂಬುದು ನಿಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಆದರೂ ಮೂರು ವಿಷಯ ನಿಮ್ಮ ಕೈಯಲ್ಲಿವೆ. ಪ್ಯಾನೆಲ್ ವಕೀಲರು ನಿಮ್ಮಿಂದ ಯಾವ ರೂಪದಲ್ಲೂ ಹಣ ಕೇಳುವಂತಿಲ್ಲ. 'ಖರ್ಚಿಗೆ' ಎಂದು ಕೇಳಿದರೂ ಕೊಡದೆ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಿ. ವಕೀಲರು ವಾಯಿದೆಗಳಿಗೆ ಬಾರದಿದ್ದರೆ ಕಾರಣ ಕೊಟ್ಟು ಬದಲಾಯಿಸಿಕೊಡುವಂತೆ ಕೇಳಬಹುದು. ನೆರವು ಪಡೆದ ಪ್ರಕರಣಗಳ ಪ್ರಗತಿ ನೋಡಲು ಪ್ರಾಧಿಕಾರದಲ್ಲಿ ಉಸ್ತುವಾರಿ ಸಮಿತಿಯೇ ಇದೆ. ಹಾಗೆಂದು ಪ್ರಾಧಿಕಾರಕ್ಕೆ ಗೊತ್ತಿಲ್ಲದಂತೆ ಖಾಸಗಿ ವಕೀಲರನ್ನೂ ಇಟ್ಟುಕೊಂಡರೆ ನೆರವನ್ನು ಹಿಂತೆಗೆದುಕೊಳ್ಳಬಹುದು.

ಮೂರನೆಯದು ಮಾಹಿತಿ, ಮತ್ತು ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಜೀವನಾಂಶದ ಮೊತ್ತ ನಿಲ್ಲುವುದು ವಾದದ ಜೋರಿನ ಮೇಲಲ್ಲ, ಗಂಡನ ಆದಾಯದ ಪುರಾವೆಯ ಮೇಲೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪಿನಂತೆ, ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಬೇಕು. ಜೀವನಾಂಶ ಅರ್ಜಿಯ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಕೂಲಿ ಮಾಡುತ್ತೇನೆ, ಅಪ್ಪನ ಮನೆಯಲ್ಲಿದ್ದೇನೆ ಎಂದು ಬರೆದುಕೊಡುವ ಗಂಡಂದಿರು ಕಡಿಮೆಯಿಲ್ಲ. ಆ ಮಾತನ್ನು ಒಡೆಯಬೇಕಾದ ವಿವರ ವಕೀಲರ ಬಳಿ ಇರುವುದಿಲ್ಲ, ಸಂಸಾರ ಮಾಡಿದವರ ಬಳಿ ಇರುತ್ತದೆ. ಗಂಡನ ವಾಹನದ ಸಂಖ್ಯೆ, ಬ್ಯಾಂಕಿನ ಮತ್ತು ಶಾಖೆಯ ಹೆಸರು, ಕೆಲಸದ ಗುರುತಿನ ಚೀಟಿಯ ಫೋಟೊ, ಅಂಗಡಿಯಿದ್ದರೆ ಅದರ ನಾಮಫಲಕದ ಚಿತ್ರ, ಸಾಲದ ಕಂತು ಕಟ್ಟಿದ ರಸೀದಿ, ಜಮೀನಿದ್ದರೆ ಸರ್ವೆ ನಂಬರು. ಪಹಣಿಯನ್ನು ಯಾರು ಬೇಕಾದರೂ ಪಡೆಯಬಹುದು. ಮದುವೆಯ ಪುರಾವೆಗೆ ಲಗ್ನಪತ್ರಿಕೆ, ಫೋಟೊ, ಇಬ್ಬರ ಹೆಸರೂ ಇರುವ ಪಡಿತರ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ ಸಾಕು. ಮಕ್ಕಳ ಶಾಲೆಯ ಶುಲ್ಕ, ಔಷಧ, ಬಾಡಿಗೆ ಇವುಗಳ ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಇಷ್ಟನ್ನು ಮೊದಲ ಭೇಟಿಯಲ್ಲೇ ಕೊಟ್ಟರೆ ಉದಾಸೀನದ ವಕೀಲರಿಗೂ ಕೆಲಸ ಮಾಡದೆ ಇರುವುದು ಕಷ್ಟವಾಗುತ್ತದೆ.

ಅರ್ಜಿ ಹಾಕಬೇಕಾದ ಕಲಮು ಈಗ ಬದಲಾಗಿದೆ. ಎಲ್ಲರ ಬಾಯಲ್ಲಿರುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿದೆ. ಸಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಧರ್ಮ ಯಾವುದಾದರೂ ಈ ಕಲಮಿನಡಿ ಅರ್ಜಿ ಹಾಕಬಹುದು, ನಿಮ್ಮ ಅಕ್ಕ ಈಗ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರುದಾರರಿಗೆ ನೋಟಿಸ್ ತಲುಪಿದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ತಡವಾಗುವುದು ಬಹುತೇಕ ನೋಟಿಸ್ ತಲುಪುವ ಹಂತದಲ್ಲೇ. ಮನೆಯ ವಿಳಾಸದ ಜೊತೆ ಕೆಲಸದ ಸ್ಥಳದ ವಿಳಾಸವನ್ನೂ ಕೊಡಿ.

ರಾಜಿಯ ಬಗ್ಗೆ ಒಂದು ಎಚ್ಚರಿಕೆ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸುವುದು ಅದರ ಕರ್ತವ್ಯವೇ ಆಗಿದೆ. ಒಳ್ಳೆಯ ಮಧ್ಯಸ್ಥಿಕೆದಾರರು ವರ್ಷಗಟ್ಟಲೆಯ ವ್ಯಾಜ್ಯವನ್ನು ಕೆಲವೇ ಭೇಟಿಗಳಲ್ಲಿ ಮುಗಿಸಿದ್ದನ್ನು ನೋಡಿದ್ದೇನೆ. ಆದರೆ ಲೋಕ ಅದಾಲತ್‌ನಲ್ಲಿ ಆದ ತೀರ್ಮಾನ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಒಪ್ಪಿಗೆಯ ಮೇರೆಗೆ ಕೌಟುಂಬಿಕ ನ್ಯಾಯಾಲಯ ಮಾಡಿದ ಆದೇಶಕ್ಕೂ ಮೇಲ್ಮನವಿಯಿಲ್ಲ. ಒಂದೇ ಗಂಟಿನಲ್ಲಿ ಹಣ ಕೊಟ್ಟು ಮುಂದಿನ ಹಕ್ಕುಗಳನ್ನೆಲ್ಲ ಬಿಡಿಸಿಕೊಳ್ಳುವ ಪ್ರಸ್ತಾಪ ಬಂದಾಗ, ಮಕ್ಕಳ ಪಾಲಿನದೂ ಅದರಲ್ಲಿ ಮುಳುಗಿಹೋಗುತ್ತಿಲ್ಲವೇ ಎಂದು ಪ್ಯಾನೆಲ್ ವಕೀಲರಿಂದ ಸಾಲು ಸಾಲಾಗಿ ಓದಿಸಿಕೊಂಡ ಮೇಲೆಯೇ ಅಕ್ಕ ಸಹಿ ಹಾಕಲಿ. ಯೋಚಿಸಲು ಇನ್ನೊಂದು ವಾಯಿದೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯದಾಗಿ, ಆದೇಶ ಕೈಗೆ ಬಂದ ಕೂಡಲೇ ಹಣ ಬರತೊಡಗುತ್ತದೆಂದು ಭಾವಿಸಬೇಡಿ. ಎರಡು ಮೂರು ತಿಂಗಳು ಕೊಟ್ಟು ನಿಲ್ಲಿಸುವವರೇ ಹೆಚ್ಚು. ಬಾಕಿ ವಸೂಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಯಾವುದೇ ಕಂತು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕದಿದ್ದರೆ ಆ ಕಂತಿಗೆ 144ನೇ ಕಲಮಿನಡಿ ವಾರಂಟ್ ಹೊರಡಿಸಲಾಗುವುದಿಲ್ಲ. ಆ ಹಂತಕ್ಕೂ ಉಚಿತ ವಕೀಲರನ್ನು ಕೇಳಬಹುದು, ಆದರೆ ಮೊದಲಿನ ನೇಮಕ ಆದೇಶದೊಂದಿಗೆ ಮುಗಿಯಿತೆಂದು ಕಚೇರಿ ಪರಿಗಣಿಸಿರಬಹುದಾದ್ದರಿಂದ ಪ್ರಾಧಿಕಾರಕ್ಕೆ ಹೊಸದಾಗಿ ಅರ್ಜಿ ಕೊಡಿ, ಅದರ ಜೊತೆ ಆದೇಶದ ದೃಢೀಕೃತ ನಕಲನ್ನೂ ಯಾವ ತಿಂಗಳ ಹಣ ಬಂದಿದೆ, ಯಾವುದು ಬಂದಿಲ್ಲ ಎಂಬ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನೂ ಇಡಿ.