ನಾಲ್ಕು ಮಂದಿ ಭೀಮರು ಬ್ಯಾಡ, ಇಬ್ಬರು ಸಾಕು

ತಮ್ಮಾ, ಕಾಲೇಜಿನ ಬೇಸ್‌ಬಾಲ್ ತಂಡಕ್ಕ ದೂರ ಹೊಡಿಯೋ ಹುಡುಗ್ರು ನಾಲ್ಕು ಮಂದಿ ಸಿಕ್ಕಾರ, ನಾಲ್ವರನ್ನೂ ಮೊದಲ ನಾಲ್ಕು ನಂಬರಿಗೆ ಇಳಿಸ್ಲೇನು ಅಂತ ಕೇಳೀದಿ. ಬ್ಯಾಡ.

ಹೋಂ ರನ್ ಅಂದ್ರ ಹೊಡದಾಂವ ಒಂದ ಹೊಡತಕ್ಕ ಮೂರೂ ಬೇಸ್ (ಓಡಾವ್ರು ನಿಲ್ಲೋ ಠಾವು) ಸುತ್ತಿ ಮನಿಗೆ, ಅಂದ್ರ ಬ್ಯಾಟ್ ಹಿಡಿಯೋ ಜಾಗಕ್ಕ, ಬರೂದು. ಬೇಸ್ ಖಾಲಿ ಇದ್ದಾಗ ಹೋಂ ರನ್ ಹೊಡದ್ರ ಒಂದ ರನ್. ಮೂರೂ ಬೇಸ್ ತುಂಬಿದ್ರ ಅದ ಹೊಡತಕ್ಕ ನಾಲ್ಕು. ಹಂಗಾಗಿ ಮೊದಲು ಬೇಸಿಗೆ ಹೋಗಿ ನಿಲ್ಲಾವ್ರನ್ನ ಹುಡುಕು. ಕೆಟ್ಟ ಚಂಡಿಗೆ ಬ್ಯಾಟ್ ಎತ್ತದ ವಾಕ್ (ನಾಲ್ಕು ಕೆಟ್ಟ ಚಂಡು ಬಿದ್ರ ಸಿಗೋ ಪುಕ್ಕಟೆ ಮೊದಲ ಬೇಸ್) ತಗೊಳ್ಳೋ ತಾಳ್ಮಿ ಇದ್ದಾಂವ ಒಂದಕ್ಕ, ಚಂಡು ತಪ್ಪದಾಂವ ಎರಡಕ್ಕ, ನಿನ್ನ ಭೀಮರೊಳಗ ಇಬ್ಬರು ಮೂರಕ್ಕ, ನಾಲ್ಕಕ್ಕ.

ಇನ್ನೊಂದು, ಅಮೆರಿಕಾದ ಮ್ಯಾಚ್ ನೋಡಿ ಲೆಕ್ಕಾ ಹಾಕಬ್ಯಾಡ. ಅಲ್ಲಿ ಬೇಲಿ ಐತಿ, ದಾಟಿದ್ರ ಮುಗೀತು. ನಮ್ಮ ಧಾರವಾಡದ ಗ್ರೌಂಡಿಗೆ ಎಲ್ಲಿ ಬೇಲಿ? ದೊಡ್ಡ ಹುಡುಗ ಬಂದ ಕೂಡ್ಲೇ ಔಟ್‌ಫೀಲ್ಡಿನ ಮೂವರೂ ಜಾಲಿಕಂಟಿತನಕ ಹಿಂದ ಸರೀತಾರ. ಹೋದ ವರ್ಷ ನಮ್ಮಾಂವ ಮುಗಿಲಿಗೆ ಹೊಡದ, ನಾವೆಲ್ಲಾ ಎದ್ದು ನಿಂತ್ವಿ. ಸೆಂಟರ್ ಫೀಲ್ಡರ್ ಕಂಟಿ ಮುಂದ ನಿಂತು, ಬಿಸಲಿಗೆ ಬರಿಗೈ ಅಡ್ಡ ಹಿಡದು, ಆರಾಮ ಕ್ಯಾಚ್ ತಗೊಂಡ. ಆದ್ರ ಆ ಔಟಿಗೂ ಬೆಲಿ ಇತ್ತು: ಆಗಿನ್ನೂ ಒಂದ ಔಟ್ ಆಗಿತ್ತು (ಮೂರು ಆದ್ರ ಸರದಿ ಮುಗೀತೈತಿ), ಮೂರನೇ ಬೇಸಿನ್ಯಾಗ ನಿಂತಿದ್ದ ಸಣಕಲ ಹುಡುಗ ಕ್ಯಾಚ್ ಹಿಡದ ಕೂಡ್ಲೇ ಓಡಿ ಮನಿ ಮುಟ್ಟಿ ಒಂದು ರನ್ ತಂದ. ಅಂವ ಅಲ್ಲಿ ಇಲ್ಲದಿದ್ರ ಅದು ಬರೇ ಔಟ್.

ಹೊಡತಾನ ಬ್ಯಾಡ ಅಂತ ಅಲ್ಲ. 2019ರಾಗ ಅಮೆರಿಕಾದ ಮಿನ್ನೆಸೋಟ ಟ್ವಿನ್ಸ್ ತಂಡ ಒಂದ ಸೀಸನ್ನಿನ್ಯಾಗ 307 ಹೋಂ ರನ್ ಹೊಡದು, ಪ್ಲೇಆಫಿನ್ಯಾಗ (ಲೀಗ್ ಮುಗದ ಮ್ಯಾಲಿನ ನಾಕೌಟ್) ನ್ಯೂಯಾರ್ಕ್ ಯಾಂಕೀಸ್ ಎದುರು ಮೂರೂ ಆಟ ಸೋತಿತು. ಆದ್ರ ಗೆದ್ದ ಯಾಂಕೀಸೂ 306 ಹೊಡದಿತ್ತಲ್ಲ! ಇತ್ತ 2014ರ ಕಾನ್ಸಸ್ ಸಿಟಿ ರಾಯಲ್ಸ್ ಬರೇ 95 ಹೋಂ ರನ್, ಎಲ್ಲಾರಕಿಂತ ಕಡಿಮಿ; ಬೇಸ್ ಕದ್ದಿದ್ದು (ಹೊಡತ ಇಲ್ಲದ ಮುಂದಿನ ಬೇಸಿಗೆ ಓಡಿ ಸೇರಿದ್ದು) ಮಾತ್ರ ಎಲ್ಲಾರಕಿಂತ ಹೆಚ್ಚು, 153. ವರ್ಲ್ಡ್ ಸೀರೀಸಿನ, ಅಂದ್ರ ಫೈನಲ್ಲಿನ, ಏಳನೇ ಕಡೀ ಆಟದತನಕ ಹೋಗಿ ಒಂದ ರನ್ನಿಂದ ಸೋತರು. ಬೇಲಿ ಇಲ್ಲದ ಗ್ರೌಂಡಿನ್ಯಾಗ ನಾನಂತೂ ರಾಯಲ್ಸ್ ಕಡೆ.

ನಾಲ್ವರೊಳಗ ಇಬ್ಬರನ್ನ ಆರಿಸೂದು ಹೆಂಗಂದ್ರ, ಪ್ರ್ಯಾಕ್ಟೀಸಿನ್ಯಾಗ 'ಎರಡು ಸ್ಟ್ರೈಕ್ ಆಗ್ಯಾವ, ಇನ್ನೊಂದು ತಪ್ಪಿದ್ರ ಔಟ್' ಅಂತ ಹೇಳಿ ಹತ್ತು ಚಂಡು ಹಾಕ್ಸು. ಆಗೂ ಗುಡ್ಡಾ ದಾಟಿಸಾಕ ಹೊಂಟಾವನ್ನ ಬಿಡು. ಬ್ಯಾಟಿನ ಹಿಡಿಕಿ ಒಂದಿಷ್ಟು ಮ್ಯಾಲ ಹಿಡದು ಚಂಡಿಗೆ ಮುಟ್ಟಿಸಾವನ್ನ ತಗೋ. ಅವ್ರೊಳಗ ಓಡಾಕ ಬರದಾಂವ ಇದ್ರ ಫೀಲ್ಡಿಂಗಿಗೆ ಫಸ್ಟ್ ಬೇಸಿನ್ಯಾಗ ನಿಲ್ಲಸು.

ಚಂಡು ಮಾತ್ರ ಹೆಚ್ಚಿಗಿ ಒಯ್ಯಿ. ಕಂಟ್ಯಾಗ ಒಂದು ಹುಡುಕಾಕ ಅರ್ಧ ತಾಸು ಹೋಗ್ತೈತಿ, ಮುಳ್ಳು ಬ್ಯಾರೆ.