ವಿಜ್ಞಾನ ಸಂಘದ ಅಧ್ಯಕ್ಷರಿಗೆ ಏನು ಕೆಲಸ?

ಪ್ರಶ್ನೆ: ವಿಜ್ಞಾನಿ ವೆಂಕಿ ರಾಮಕೃಷ್ಣನ್ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರಲ್ಲ, ಅದು ಬರೀ ಗೌರವದ ಹುದ್ದೆಯೇ? (ಓದುಗರು, ದಾವಣಗೆರೆ)

ಉತ್ತರ: ಅಲ್ಲ, ಕೈತುಂಬ ಕೆಲಸವಿರುವ ಹುದ್ದೆ. ಅವಧಿ ಐದು ವರ್ಷ. ರಾಮಕೃಷ್ಣನ್ 2015ರಿಂದ 2020ರವರೆಗೆ ಇದ್ದರು. ದಿನನಿತ್ಯದ ಆಡಳಿತವನ್ನು ಸಂಬಳದ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಕೌನ್ಸಿಲ್ ಸಭೆ ನಡೆಸುವುದು, ಖಜಾಂಚಿ ಮತ್ತು ಕಾರ್ಯದರ್ಶಿಗಳ ಜೊತೆ ಕೂತು ಸಂಸ್ಥೆಯ ದಿಕ್ಕು ನಿರ್ಧರಿಸುವುದು, ಸರ್ಕಾರದ ಮುಂದೆ ವಿಜ್ಞಾನಿಗಳ ಪರವಾಗಿ ಮಾತಾಡುವುದು ಅಧ್ಯಕ್ಷರ ಪಾಲು. ಬ್ರಿಟನ್ ಯುರೋಪಿನ ಒಕ್ಕೂಟ ಬಿಡಲು 2016ರಲ್ಲಿ ಮತ ಹಾಕಿದಾಗ ಸಂಶೋಧನೆಯ ಹಣ ಮತ್ತು ವಿಜ್ಞಾನಿಗಳ ಓಡಾಟದ ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಎತ್ತಬೇಕಾಯಿತು. 2020ರಲ್ಲಿ ಕೋವಿಡ್ ಬಂದಾಗ ಸೊಸೈಟಿ ಕೂಡಿಸಿದ ತಜ್ಞರ ತಂಡಕ್ಕೂ ಅವರೇ ಮುಖ್ಯಸ್ಥರಾಗಿದ್ದರು. ಮಾಸ್ಕ್ ಬಳಕೆಯ ಬಗ್ಗೆ ಆ ತಂಡ ವರದಿ ಕೊಟ್ಟಿತು.

ಪ್ರಶ್ನೆ: ಅಧ್ಯಕ್ಷರು ಮನಸ್ಸು ಮಾಡಿದರೆ ತಮಗೆ ಬೇಕಾದವರನ್ನು ಫೆಲೋ (ಸೊಸೈಟಿಯ ಚುನಾಯಿತ ಸದಸ್ಯ) ಮಾಡಬಹುದೇ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಆಗದು. ರಾಯಲ್ ಸೊಸೈಟಿಯಲ್ಲಿ ಹೆಸರು ಸೂಚಿಸುವವರು ಫೆಲೋಗಳು, ಅಳೆದು ನೋಡುವುದು ವಿಷಯವಾರು ಸಮಿತಿಗಳು. ಅಲ್ಲಿಂದ ಪಟ್ಟಿ ಕೌನ್ಸಿಲಿಗೆ ಹೋಗಿ, ಕೊನೆಗೆ ಫೆಲೋಗಳ ಮತಕ್ಕೆ ಬರುತ್ತದೆ. ಆಯ್ಕೆಯಾದವರು ಹಳೆಯ ಸನದು ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಅವರ ಕೈ ಕುಲುಕಿ ಸೊಸೈಟಿಯ ಹೆಸರಿನಲ್ಲಿ ಸೇರಿಸಿಕೊಳ್ಳುವುದು ಅಧ್ಯಕ್ಷರ ಕೆಲಸ.

ಇಂಥ ತಡೆಗಳು ಯಾಕೆ ಬೇಕು ಎಂಬುದಕ್ಕೆ ಆ ಸಂಸ್ಥೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ನ್ಯೂಟನ್ 1703ರಿಂದ 1727ರಲ್ಲಿ ಸಾಯುವ ತನಕ ಅಧ್ಯಕ್ಷ. ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ಮೊದಲು ಕಂಡುಹಿಡಿದವರು ತಾನೋ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್‌ನೋ ಎಂಬ ಜಗಳ ತೀರಿಸಲು 1712ರಲ್ಲಿ ಸೊಸೈಟಿ ಸಮಿತಿ ರಚಿಸಿತು. ವರದಿಯ ಹಿಂದಿನ ಕೈ ನ್ಯೂಟನ್‌ನದೇ. ಸಾಲದ್ದಕ್ಕೆ, ಅದು ಅಚ್ಚಾದ ಮೇಲೆ ಸೊಸೈಟಿಯ ಪತ್ರಿಕೆಯಲ್ಲಿ ಹೆಸರು ಹಾಕದೆ ಅದರ ವಿಮರ್ಶೆಯನ್ನೂ ತಾನೇ ಬರೆದ. ಗಣಿತದಲ್ಲಿ ಅವನ ಹಿರಿಮೆ ಪ್ರಶ್ನಾತೀತ. ಆದರೆ ಕಕ್ಷಿದಾರನೇ ನ್ಯಾಯಾಧೀಶನಾದದ್ದು ತಪ್ಪು, ಆ ತೀರ್ಪಿಗೆ ಬೆಲೆ ಉಳಿಯಲಿಲ್ಲ.

ಪ್ರಶ್ನೆ: ಸಿ.ವಿ. ರಾಮನ್ ಬೆಂಗಳೂರಿನ ವಿಜ್ಞಾನ ಅಕಾಡೆಮಿಗೆ ಎಷ್ಟು ವರ್ಷ ಅಧ್ಯಕ್ಷರಾಗಿದ್ದರು? (ಓದುಗರು, ಮೈಸೂರು)

ಉತ್ತರ: 1934ರಲ್ಲಿ ಅಕಾಡೆಮಿ ಕಟ್ಟಿದಾಗಿನಿಂದ 1970ರಲ್ಲಿ ತೀರಿಕೊಳ್ಳುವವರೆಗೆ, 36 ವರ್ಷ. ಆರಂಭದ ವರ್ಷವೇ ‘ಪ್ರೊಸೀಡಿಂಗ್ಸ್’ ಪತ್ರಿಕೆ ಹೊರಟಿತು. ಹೊಸ ಸಂಸ್ಥೆಗೆ ಅಂಥ ಗಟ್ಟಿ ಕೈ ಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಬೇರೂರಿದ ಸಂಸ್ಥೆಗೆ ಮಾತ್ರ ಸರದಿಯೇ ಒಳ್ಳೆಯದು. ರಾಮನ್ ನಂತರ ಅಲ್ಲಿ ಮೂರು ವರ್ಷಕ್ಕೊಬ್ಬ ಅಧ್ಯಕ್ಷರು: ಸತೀಶ್ ಧವನ್ (1977–79), ಸಿ.ಎನ್.ಆರ್. ರಾವ್ (1989–91), ರೊದ್ದಂ ನರಸಿಂಹ (1992–94) ಆ ಸಾಲಿನವರು.

ಪ್ರಶ್ನೆ: ನಮ್ಮ ಜಿಲ್ಲೆಯ ನೋಂದಾಯಿತ ವಿಜ್ಞಾನ ಸಂಘಕ್ಕೆ ಈಗಷ್ಟೇ ಅಧ್ಯಕ್ಷನಾಗಿ ಆರಿಸಿಬಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? (ಕಾಲೇಜು ಅಧ್ಯಾಪಕರು, ಶಿವಮೊಗ್ಗ)

ಉತ್ತರ: ಮೊದಲು ಬೈಲಾ (ಸಂಘದ ನಿಯಮಾವಳಿ) ಓದಿ, ಪೂರ್ತಿ ಓದಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಸಭೆಯ ನೋಟಿಸು ಎಷ್ಟು ದಿನ ಮುಂಚೆ ಹೋಗಬೇಕು, ಮತ ಸಮವಾದರೆ ನಿಮಗೆ ನಿರ್ಣಾಯಕ ಮತ ಇದೆಯೇ ಎಂದು ಗುರುತು ಹಾಕಿಕೊಳ್ಳಿ. ಬೈಲಾದಲ್ಲಿ ಇಲ್ಲದಿದ್ದರೆ ಆ ಎರಡನೇ ಮತ ಚಲಾಯಿಸಬೇಡಿ.

ಆಮೇಲೆ ಬ್ಯಾಂಕು. ಖಾತೆಯ ಸಹಿದಾರರು ಬದಲಾಗಲು ಠರಾವಿನ ಪ್ರತಿ ಕೊಡಬೇಕು. ಅದರಲ್ಲಿ ಹಳೆಯ ಸಹಿದಾರರ ಹೆಸರು, ಹೊಸಬರ ಹೆಸರು, ಒಬ್ಬರ ಸಹಿ ಸಾಕೋ ಇಬ್ಬರದು ಬೇಕೋ ಎಂಬುದು ಸ್ಪಷ್ಟವಿರಲಿ. ‘ಹೊಸ ಸಮಿತಿಗೆ ಅಧಿಕಾರ ಕೊಡಲಾಯಿತು’ ಎಂದಷ್ಟೇ ಬರೆದರೆ ಕಾಗದ ವಾಪಸು ಬರುವ ಸಂಭವ ಹೆಚ್ಚು. ಅಷ್ಟರಲ್ಲಿ ವಿಜ್ಞಾನ ಮೇಳದ ಪೆಂಡಾಲಿನವರಿಗೆ ಹಣ ಕೊಡಲಾಗದೆ ಒದ್ದಾಡಬೇಕಾಗುತ್ತದೆ. ಹೊಸ ಸಮಿತಿಯ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವಾರ್ಷಿಕ ಸರ್ವಸದಸ್ಯರ ಸಭೆ ನಡೆಯಲೇಬೇಕು, ಲೆಕ್ಕಪರಿಶೋಧನೆಯಾದ ಜಮಾಖರ್ಚು ಅಲ್ಲಿ ಮಂಡನೆಯಾಗಬೇಕು. ಇವನ್ನೆಲ್ಲ ಕಾರ್ಯದರ್ಶಿ ಮಾಡುತ್ತಾರೆ ನಿಜ. ಆಯಿತೋ ಇಲ್ಲವೋ ಎಂದು ಕೇಳಿ ನೋಡುವುದು ನಿಮ್ಮ ಹೊಣೆ.

ಸಭೆಯಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಅಧ್ಯಕ್ಷರು ಮೊದಲೇ ಹೇಳಿಬಿಟ್ಟರೆ ಕಿರಿಯ ಸದಸ್ಯರು ಬಾಯಿ ಬಿಡುವುದಿಲ್ಲ. ನಡಾವಳಿಯಲ್ಲಿ ಪ್ರತಿ ತೀರ್ಮಾನದ ಎದುರು ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಬರೆಸಿ, ಒಂದು ವಾರದೊಳಗೆ ಎಲ್ಲರಿಗೂ ಕಳಿಸಿ. ಸಭೆಗೆ ಬಾರದವರಿಂದ ಆಮೇಲೆ ಹಾಜರಿ ಸಹಿ ಹಾಕಿಸಿ ಕೋರಂ ತುಂಬಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಮುಂದೆ ತಕರಾರು ಬಂದರೆ ಆ ಸಭೆಯ ಠರಾವುಗಳೆಲ್ಲ ಬೀಳಬಹುದು.

ಪ್ರಶಸ್ತಿಗೆ ನಿಮ್ಮ ವಿದ್ಯಾರ್ಥಿಯ ಹೆಸರು ಬಂದರೆ ಕೋಣೆಯಿಂದ ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಸಂಘದ ಪತ್ರಿಕೆಯ ಲೇಖನ ತಿರಸ್ಕೃತವಾಯಿತೆಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಸಂಪಾದಕರ ಬಳಿಗೇ ಕಳಿಸಿ. ಪತ್ರಿಕೆಯವರು ಕೆರೆ ಒತ್ತುವರಿ, ಕಸ ಸುಡುವ ಘಟಕ ಮುಂತಾದವುಗಳ ಬಗ್ಗೆ ಕೇಳಿದಾಗ, ಅದು ಸಂಘದ ಠರಾವೋ ನಿಮ್ಮ ಸ್ವಂತ ಅಭಿಪ್ರಾಯವೋ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಮುಂದಿನ ಅಧ್ಯಕ್ಷರ ಯೋಚನೆಯೂ ಈಗಲೇ ಇರಲಿ. ಅಮೆರಿಕದ ಭೌತವಿಜ್ಞಾನ ಸಂಘದಲ್ಲಿ ಒಬ್ಬರೇ ವರ್ಷಕ್ಕೊಂದರಂತೆ ಉಪಾಧ್ಯಕ್ಷ, ನಿಯೋಜಿತ ಅಧ್ಯಕ್ಷ, ಅಧ್ಯಕ್ಷ, ನಿಕಟಪೂರ್ವ ಅಧ್ಯಕ್ಷ ಎಂಬ ನಾಲ್ಕು ಹುದ್ದೆ ದಾಟುತ್ತಾರೆ. ನಿಮ್ಮಲ್ಲಿ ಅಷ್ಟು ಜನ ಸಿಗದಿದ್ದರೆ ಉಪಾಧ್ಯಕ್ಷರಿಗೆ ವರ್ಷಕ್ಕೆ ಎರಡು ಸಭೆಯನ್ನಾದರೂ ನಡೆಸಲು ಬಿಡಿ, ಕಡತಗಳು ಎಲ್ಲಿವೆ ಎಂಬುದನ್ನೂ ಅವರಿಗೆ ತೋರಿಸಿಡಿ.